ಸೆರಗಿನ ಹಿಂಬದಿ

ಬಿಸಿಲಿನಿಂದ ಅಜಂತೆಯ ಮೊದಲನೆಯ ಗುಹೆಗೆ ಕಾಲಿಟ್ಟವನಿಗೆ ಒಡನೆಯೇ ಏನೂ ಕಾಣದು. ತುಸು ಹೊತ್ತು ನಿಂತರೆ ಕತ್ತಲೆಯೊಳಗಿಂದ ಮೊದಲು ಒಂದು ತಾವರೆ, ಬಳಿಕ ಅದನ್ನು ಹಿಡಿದ ಬೆರಳು, ಕಡೆಗೆ ಪದ್ಮಪಾಣಿಯ ಬಾಗಿದ ಮುಖ ಮೂಡಿಬರುತ್ತವೆ. ಇದು ಕಲಿಕೆಯಲ್ಲ, ಕಣ್ಣಿನ ಸಹಜಧರ್ಮ. ಹೊರಗೆ ಬಂದೊಡನೆ ಅಳಿಯತಕ್ಕದ್ದು. ನಾನು ಹೇಳಹೊರಟಿರುವುದು ಅಭ್ಯಾಸದಿಂದ ಮಾತ್ರ ಸಿದ್ಧಿಸಿ, ಹಾಗೆ ಸಿದ್ಧಿಸಿದ ಮೇಲೆ ಬಹುಕಾಲ ಉಳಿಯುವ ಇನ್ನೊಂದು ಬಗೆಯ ಕಾಣ್ಕೆಯನ್ನು ಕುರಿತು.

ಅದನ್ನರಿಯಲು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣಕ್ಕೋ ನಾಸಿಕ ಜಿಲ್ಲೆಯ ಯೇವಲೆಗೋ ಹೋಗಬೇಕು. ಶಾತವಾಹನರ ಪ್ರತಿಷ್ಠಾನವೇ ಇಂದಿನ ಪೈಠಣ. ಅದರ ಹೆಸರನ್ನು ಹೊತ್ತ ಪೈಠಣಿ ಸೀರೆಗೆ ಯೇವಲೆಯ ಮಗ್ಗಗಳೂ ಪ್ರಸಿದ್ಧ. ಸೆರಗಿನ ನವಿಲಿನಲ್ಲಿ ಎಷ್ಟು ಬಣ್ಣಗಳೋ ಅಷ್ಟು ಪುಟ್ಟ ಕಂಡಿಕೆಗಳು. ಒಂದು ಬಣ್ಣದ ಹೊಕ್ಕುನೂಲು ತನ್ನ ಎಲ್ಲೆಯವರೆಗೆ ಬಂದು ಪಕ್ಕದ ಬಣ್ಣದ ನೂಲಿಗೆ ತೊಡರಿ ಹಿಂದಿರುಗುವುದರಿಂದ, ಹಿಂಬದಿಯ ನವಿಲೂ ಮುಂಬದಿಯದರಂತೆಯೇ ನಿಚ್ಚಳವಾಗಿರುತ್ತದೆ. ಯಂತ್ರದ ಅನುಕರಣದಲ್ಲಿಯಾದರೋ ಹಿಂದೆ ಸಡಿಲ ಎಳೆಗಳು ತೇಲುತ್ತವೆ, ಇಲ್ಲವೆ ಕತ್ತರಿಸಿದ ತುದಿಗಳು ಕಾಣುತ್ತವೆ. ನಮ್ಮಂಥವರು ಇಡೀ ನವಿಲನ್ನು ಕಂಡು ಬೆರಗಾಗುವಲ್ಲಿ ನೇಕಾರನ ದೃಷ್ಟಿ ತೊಡರು ತಪ್ಪಿದ ಒಂದೆಳೆಯ ಮೇಲೆ ನಿಂತಿರುತ್ತದೆ. ಆತನ ಕಣ್ಣು ನಮ್ಮದಕ್ಕಿಂತ ಚುರುಕೆಂದಲ್ಲ. ವೃದ್ಧ ನೇಕಾರನಿಗೆ ಕನ್ನಡಕವೂ ಇದ್ದೀತು.

ಹಾಗಾದರೆ ಅಭ್ಯಾಸವು ಮಾಡಿದ್ದೇನು? ಬರಿಯ ಸಂವೇದನೆಗೆ ಸ್ಮೃತಿಯು ಏನನ್ನೋ ಸೇರಿಸುವುದೇ ಕಲಿಕೆಯೆಂಬುದು ಹಳೆಯ ಮತ. 1955ರಲ್ಲಿ ಅಮೆರಿಕದ ಎಲಿನರ್ ಮತ್ತು ಜೇಮ್ಸ್ ಗಿಬ್ಸನ್ ದಂಪತಿಗಳು ಇದನ್ನು ತಿರುವುಹಾಕಿದರು: ವಸ್ತುವಿನಲ್ಲಿ ಮೊದಲಿನಿಂದಲೂ ಇದ್ದು, ನಮಗೆ ಒಂದಾಗಿ ತೋರುತ್ತಿದ್ದ ಭೇದಗಳು ಬಿಡಿಬಿಡಿಯಾಗುವುದೇ ಕಲಿಕೆ. ಸುರುಳಿ ಗೀಟುಗಳ ಚೀಟಿಗಳನ್ನು ತೋರಿಸಿ, ಸರಿತಪ್ಪುಗಳನ್ನು ಹೇಳದೆಯೇ ಮತ್ತೆ ಮತ್ತೆ ನೋಡಗೊಟ್ಟಾಗ ಜನರು ಗೊಂದಲವನ್ನು ಕಳೆದುಕೊಂಡರು. ವಯಸ್ಕರು ಬೇಗ, ಮಕ್ಕಳು ನಿಧಾನವಾಗಿ. ಮಗ್ಗದ ಮುಂದೆ ಕುಳಿತು ನೋಡಿದವನಿಗೆ ಈ ಎರಡನೆಯ ಮತವೇ ಸಾಧುವೆನಿಸುತ್ತದೆ.

ಕಿವಿಯ ಕತೆಯೂ ಇದೇ, ಕೊಂಚ ವಿಷಾದದೊಂದಿಗೆ. ನಾಸಿಕದ ಪೇಟೆಯ ಮರಾಠಿಯಲ್ಲಿ ‘ಚೋರ’ನ ಚಕಾರ ಹಲ್ಲಿಗೆ ತಾಗಿ ‘ತ್ಸ’ದಂತೆ, ‘ಚಂದ್ರ’ನ ಚಕಾರ ನಮ್ಮದರಂತೆ, ಬರೆಯುವ ಅಕ್ಷರ ಒಂದೇ. ಅಲ್ಲಿಗೆ ಹೊಸದಾಗಿ ಹೋದ ಕನ್ನಡಿಗನಿಗೆ ಈ ಭೇದ ತಿಂಗಳುಗಟ್ಟಲೆ ಕಿವಿಗೆ ಬೀಳದಿರಬಹುದು. ವರ್ಕರ್ ಮತ್ತು ಟೀಸ್ ಎಂಬ ಸಂಶೋಧಕರು 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತಕಾರ ಟಕಾರಗಳನ್ನು ಬೇರ್ಪಡಿಸಬಲ್ಲವು. ವರ್ಷ ತುಂಬುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವಕ್ಕೆ ಆ ಶಕ್ತಿ ಇಲ್ಲ. ತಾಯ್ನುಡಿಗೆ ಬೇಡದ ಭೇದವನ್ನು ಕಡೆಗಣಿಸುವುದನ್ನೂ ಕಿವಿ ಕಲಿತುಬಿಡುತ್ತದೆ. ಕನ್ನಡದ ಕೂಸಿಗೆ ಆ ನಷ್ಟವಿಲ್ಲ. ಅದರ ಪಾಲಿಗೆ ಬೇರೆ ನಷ್ಟಗಳಿದ್ದಾವು.

ಮುಂದೆಂದಾದರೂ ಅಂಗಡಿಯಲ್ಲಿ ಪೈಠಣಿಯನ್ನು ನಿಮ್ಮ ಮುಂದೆ ಹರಡಿದಾಗ, ಬೆಲೆ ಕೇಳುವ ಮುನ್ನ ಸೆರಗನ್ನೊಮ್ಮೆ ಮಗುಚಿ ನೋಡಿರಿ.