ಇಳಿಜಾರಿನ ಮಣ್ಣು, ಹಣ್ಣಿನ ರುಚಿ

ಅಡಿಕೆ ತೋಟಕ್ಕೆ ಹೊಸ ಮಣ್ಣು ಹೊರುವ ಶ್ರಮವನ್ನು ನಾವೆಲ್ಲ ಬಲ್ಲೆವು. ಜರ್ಮನಿಯ ಮೋಸೆಲ್ ನದಿಯ ಕಣಿವೆಯಲ್ಲಿ ದ್ರಾಕ್ಷಿ ಬೆಳೆಗಾರರು ತಲೆಮಾರುಗಳ ಕಾಲ ಕಲ್ಲನ್ನೇ ಹೊತ್ತರು. ಮಳೆಗೆ ಜಾರಿ ಕೆಳಗಿಳಿದ ಕಲ್ಲುಚೂರುಗಳನ್ನು ಬೆನ್ನ ಮೇಲೆ ಹೇರಿಕೊಂಡು ಗುಡ್ಡ ಹತ್ತಿ, ಮತ್ತೆ ಬಳ್ಳಿಯ ಬುಡಕ್ಕೆ ಹರಡಿದರು. ಕಾರಣವೇನು?

ಮೋಸೆಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂಥ ತಂಪು ಸೀಮೆಯಲ್ಲಿ ದ್ರಾಕ್ಷಿ ಹಣ್ಣಾಗುವುದೇ ಕಷ್ಟ. ಆದರೆ ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಇಳಿಜಾರಿನ ಮೇಲೆ ಬಿಸಿಲು ಹೆಚ್ಚು ನೇರವಾಗಿ ಬೀಳುತ್ತದೆ. ಬ್ರೆಮ್ ಗ್ರಾಮದ ಕಾಲ್ಮಾಂಟ್ ಗುಡ್ಡದ ಇಳಿಜಾರು ಕೆಲವೆಡೆ 60 ಡಿಗ್ರಿಯನ್ನೂ ಮೀರುತ್ತದೆ. ಅಲ್ಲಿಯ ನೆಲವೆಲ್ಲ ಸ್ಲೇಟ್ ಶಿಲೆ. ನಾವು ಬಾಲ್ಯದಲ್ಲಿ ಅಕ್ಷರ ತಿದ್ದಿದ ಪಾಟಿಯ ಜಾತಿಯ ಕಲ್ಲು. ಈ ಕಪ್ಪು ಕಲ್ಲು ಹಗಲಿನ ಶಾಖವನ್ನು ಹೀರಿಕೊಂಡು ಇರುಳಿನಲ್ಲಿ ನಿಧಾನವಾಗಿ ಬಿಡುತ್ತದೆ. ನೀರು ನಿಲ್ಲದೆ ಬಸಿದುಹೋಗುವುದರಿಂದ ಬೇರುಗಳು ಬಿರುಕುಗಳ ಆಳಕ್ಕೆ ಇಳಿಯುತ್ತವೆ. ಕೆಳಗಿನ ನದಿ ಚಳಿಯ ತೀವ್ರತೆಯನ್ನು ತಗ್ಗಿಸುತ್ತದೆ.

ಹೀಗೆ ರೀಸ್ಲಿಂಗ್ ಎಂಬ ದ್ರಾಕ್ಷಿ ಅಲ್ಲಿ ಬಹು ನಿಧಾನವಾಗಿ ಮಾಗುತ್ತದೆ. ಸಿಹಿ ತುಂಬುವಾಗಲೂ ಹುಳಿ ಉಳಿಯುತ್ತದೆ, ಪರಿಮಳ ಕೂಡುತ್ತದೆ. ಅದರ ವೈನಿನಲ್ಲಿ ಮದ್ಯಸಾರ ಕಡಿಮೆ, ಚುರುಕು ಹೆಚ್ಚು. ಕಲ್ಲಿನ ರುಚಿಯೇ ವೈನಿಗೆ ಇಳಿಯುತ್ತದೆಂಬ ಮಾತೊಂದಿದೆ. ವಿದ್ಯಾರ್ಥಿಗಳು ಇದನ್ನು ನಂಬಬಾರದು. ಬೇರು ಹೀರುವುದು ನೀರನ್ನು ಮತ್ತು ಅದರಲ್ಲಿ ಕರಗಿದ ಅಲ್ಪ ಲವಣಗಳನ್ನು ಮಾತ್ರ, ಬಂಡೆಯನ್ನಲ್ಲ. ಶಿಲೆಯ ಪ್ರಭಾವ ಮುಖ್ಯವಾಗಿ ಶಾಖ ಮತ್ತು ತೇವಾಂಶಗಳ ಮೂಲಕ ನಡೆಯುತ್ತದೆ.

ಈಗ ಆ ಸಮತೋಲವೇ ಕದಲುತ್ತಿದೆ. ಹಿಂದೆ ಅಕ್ಟೋಬರ್ ಕೊನೆ, ನವೆಂಬರ್‌ವರೆಗೂ ಸಾಗುತ್ತಿದ್ದ ಕೊಯ್ಲು ಇಂದು ಅನೇಕ ವರ್ಷಗಳಲ್ಲಿ ಸೆಪ್ಟೆಂಬರಿನಲ್ಲೇ ಆರಂಭವಾಗುತ್ತದೆ. ಅತಿ ಬಿಸಿಯಾದ ಬೇಸಗೆಯಲ್ಲಿ ಹುಳಿ ಬೇಗ ಕುಗ್ಗುತ್ತದೆ, ಹಣ್ಣು ಬಿಸಿಲಿಗೆ ಸುಡುತ್ತದೆ. ಬಳ್ಳಿ ಬೇಗ ಚಿಗುರಿದರೆ ವಸಂತದ ಹಿಮಕ್ಕೆ ಸಿಕ್ಕುತ್ತದೆ. 2024ರ ಏಪ್ರಿಲಿನಲ್ಲಿ ಹಾಗೆಯೇ ಆಯಿತು. ಜೊತೆಗೆ, ಯಂತ್ರ ಹತ್ತದ ಆ ಗುಡ್ಡಗಳಲ್ಲಿ ಕೈಯಿಂದ ದುಡಿಯುವವರು ಕಡಿಮೆಯಾಗಿ ಎಷ್ಟೋ ತೋಟಗಳಲ್ಲಿ ಮುಳ್ಳುಪೊದೆ ಬೆಳೆದಿದೆ. ಆಸರೆಯ ಕಲ್ಲುಗೋಡೆಗಳು ಕುಸಿದಲ್ಲಿ ಮಣ್ಣೂ ಜಾರುತ್ತದೆ.

ಮಿತ್ರರೇ, ನಾನು ವೈನಿನ ಹೊಗಳಿಕೆಗೆ ಬಂದವನಲ್ಲ. ಶಿಲೆ, ಬಿಸಿಲು, ನದಿ ಮೂರೂ ಇದ್ದಲ್ಲಿಯೂ ಜಾರಿದ್ದನ್ನು ಮರಳಿ ಮೇಲಕ್ಕೆ ಹೊರುವ ಬೆನ್ನೊಂದು ಬೇಕಾಯಿತು. ನಮ್ಮ ಗುಡ್ಡಗಳಲ್ಲಿ ಈ ಮಳೆಗಾಲಕ್ಕೆ ಎಷ್ಟು ಮಣ್ಣು ಕೆಳಗಿಳಿಯಿತು, ಅದನ್ನು ತಡೆಯುವ ಕೈಗಳು ಊರಿನಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಮನೆಗೆ ಹೋಗುವ ದಾರಿಯಲ್ಲಿ ಒಮ್ಮೆ ನೋಡಿಕೊಳ್ಳೋಣ.