ದವಾಖಾನಿ ಮಂಚ ಮನೆಗೆ ತರುವ ಮುಂಚೆ

ನಾನು ಬೈಲಹೊಂಗಲ ತಾಲ್ಲೂಕಿನವನು. ಇವತ್ತು ಒಂದು ಮಂಚದ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ನಗಬ್ಯಾಡ್ರಿ. ಮನೆಯಲ್ಲಿ ಯಾರಿಗಾದರೂ ಲಕ್ವಾ ಹೊಡೆದಿದ್ದರೆ, ಸೊಂಟದ ಎಲುಬು ಮುರಿದಿದ್ದರೆ ಈ ಮಾತು ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತಿರುತ್ತೆ.

ಹೋದ ವರ್ಷ ಹಿಂಗಾರಿ ಬಿತ್ತನೆ ಹೊತ್ತಿಗೆ ನಮ್ಮ ಅವ್ವಗ ಲಕ್ವಾ ಹೊಡೀತು. ಬಲಗೈ, ಬಲಗಾಲು ಎರಡೂ ಹೋದವು, ಮಾತೂ ತೊದಲಾಯ್ತು. ಬೆಳಗಾವಿಯಲ್ಲಿ 16 ದಿನ ಇಟ್ಟುಕೊಂಡು, "ಇನ್ನ ಮನೀಗೆ ಕರಕೊಂಡು ಹೋಗ್ರಿ, ಆರೈಕಿನೇ ಔಷಧ" ಅಂದ್ರು. ಆಯುಷ್ಮಾನ್ ಕಾರ್ಡಿನಿಂದ ದವಾಖಾನೆ ಖರ್ಚು ಬಹಳಷ್ಟು ನೀಗಿತು. ಆದರೆ ಮನೆಯಲ್ಲಿ ಬೇಕಾಗುವ ಮಂಚ, ಗಾದಿಗೆ ಆ ಕಾರ್ಡು ನಡೆಯೋದಿಲ್ಲ.

ಮೊದಲ ಹನ್ನೆರಡು ದಿನ ಪಡಸಾಲೆಯ ಕಟ್ಟಿಗೆ ಮಂಚದ ಮೇಲೇ ಮಲಗಿಸಿದ್ವಿ. ಆ ಮಂಚ ಮೊಣಕಾಲೆತ್ತರ. ದಿನಕ್ಕೆ ಹತ್ತು ಸಲ ಬಗ್ಗಿ ಅವ್ವನ್ನ ಹೊರಳಿಸಿ ಹೊರಳಿಸಿ ನನ್ನ ಹೆಂಡತಿ ನಡಾ ಹಿಡಕೊಂಡು ಕುಂತಳು. ಮಲಗಿಸೇ ಗಂಜಿ ಕುಡಿಸಿದರೆ ಅವ್ವಗ ಕೆಮ್ಮು ಬರ್ತಿತ್ತು. ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ ಅಂತ ಆಮೇಲೆ ತಿಳೀತು. ಬೆನ್ನಿನ ಕೆಳಗೆ, ಬಾಲದ ಎಲುಬಿನ ಹತ್ತಿರ ರೂಪಾಯಿ ಅಗಲ ಕೆಂಪಗಾಗಿತ್ತು. ಸೆಕೆಗೆ ಆಗಿದೆ ಅಂದುಕೊಂಡು ಪೌಡರ್ ಹಚ್ಚಿದ್ವಿ. ನಾಕು ದಿನಕ್ಕೆ ಚರ್ಮ ಕಿತ್ತು ಹುಣ್ಣಾಯ್ತು.

ಓಡಿದೆ ಅಂಗಡಿಗೆ. ಬೆಳಗಾವಿಯ ಒಬ್ಬ ಅಂಗಡಿಯವ, "ಮೋಟಾರಿಂದು ತಗೊಳ್ರಿ, ಬಟನ್ ಒತ್ತಿದ್ರ ಮುಗೀತು" ಅಂತ 65 ಸಾವಿರ ಹೇಳಿದ. ಆಕಳು ಮಾರೋ ಮಾತು ಮನೆಯಲ್ಲಿ ಎದ್ದಿತು. ತಡೆದವರು ನಮ್ಮೂರಿನ ಆಶಾ ಕಾರ್ಯಕರ್ತೆ. "ಅಣ್ಣಾರ, ಮೋಟಾರು ಯಾತಕ್ಕ? ಕೈಲೆ ತಿರುವೋದು ಸಾಕು. ಆದ್ರ ಎರಡು ಹ್ಯಾಂಡಲ್ ಇರೋದ ನೋಡ್ರಿ" ಅಂದ್ರು.

ಈ ಎರಡು ಹ್ಯಾಂಡಲ್ ಸಂಗತಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದೇ ಹ್ಯಾಂಡಲ್ ಇರೋದಕ್ಕೆ ಸೆಮಿ ಫೌಲರ್ ಅಂತಾರೆ, ಅದರಲ್ಲಿ ಬೆನ್ನಿನ ಭಾಗ ಮಾತ್ರ ಏಳುತ್ತೆ. ಎರಡಿದ್ದರೆ ಫುಲ್ ಫೌಲರ್, ಮೊಣಕಾಲಿನ ಭಾಗವೂ ಏಳುತ್ತೆ. ಬೆನ್ನು ಮಾತ್ರ ಎತ್ತಿದರೆ ರೋಗಿ ಮೆಲ್ಲಗೆ ಕೆಳಕ್ಕೆ ಜಾರ್ತಾರೆ, ಆ ಜಾರಿಕೆಗೇ ಬೆನ್ನಿನ ಚರ್ಮ ತಿಕ್ಕಿ ಹುಣ್ಣು ಹೆಚ್ಚಾಗುತ್ತೆ. ಮೊದಲು ಮೊಣಕಾಲು ಸ್ವಲ್ಪ ಎತ್ತಿ, ಆಮೇಲೆ ಬೆನ್ನು ಎತ್ತಬೇಕು. ಉಣಿಸುವಾಗ ಪೂರ್ತಿ ಕೂರಿಸಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೇ ಬಿಡಬೇಕು.

ಹೊಸ ಫುಲ್ ಫೌಲರ್‌ಗೆ ನನಗೆ ಹೇಳಿದ್ದು 16 ಸಾವಿರ. ಬಾಡಿಗೆ ತಿಂಗಳಿಗೆ ಎರಡು ಸಾವಿರ, ಡಿಪಾಜಿಟ್ ಬೇರೆ. ಎಲುಬು ಕೂಡೋವರೆಗೆ ಎರಡು ಮೂರು ತಿಂಗಳಿಗಾದರೆ ಬಾಡಿಗೆಯೇ ಲೇಸು. ಲಕ್ವಾಕ್ಕೆ ಗಡುವು ಇಲ್ಲ. ಸವದತ್ತಿಯಲ್ಲಿ ಕೇಳಿದ ಎರಡು ಮೆಡಿಕಲ್ ಅಂಗಡಿಯವರೂ ಆರ್ಡರ್ ಕೊಟ್ಟರೆ ಹುಬ್ಬಳ್ಳಿಯಿಂದ ತರಿಸ್ತೀವಿ ಅಂದ್ರು.

ಅಷ್ಟರಲ್ಲಿ ರಾಮದುರ್ಗದಲ್ಲಿ ಒಂದು ಮಂಚ ಇದೆ ಅಂತ ಬೀಗರಿಂದ ಸುದ್ದಿ ಬಂತು. ಆ ಮನೆಯ ಅಜ್ಜ ತೀರಿಕೊಂಡು ಎರಡು ತಿಂಗಳಾಗಿತ್ತು. ನಮ್ಮ ಅತ್ತಿ ಕೇಳಿದ ಕೂಡಲೇ, "ಸತ್ತವರ ಮಂಚ ಮನೀಗೆ ಬ್ಯಾಡ" ಅಂತ ಹಟ ಹಿಡಿದಳು. ನಾನು, "ಅತ್ತಿ, ದವಾಖಾನಿ ಮಂಚದಾಗ ಅವ್ವ 16 ದಿನ ಮಲಗಿದ್ಲಲ್ಲ, ಅದರ ಮ್ಯಾಲೆ ಎಷ್ಟು ಮಂದಿ ಸತ್ತಿರಬೇಕು?" ಅಂದೆ. ಮಲಗಿದಲ್ಲೇ ಕೇಳಿಸಿಕೊಂಡ ಅವ್ವ ಅರ್ಧ ಬಾಯಿಯಲ್ಲಿ ನಕ್ಕಳು. ಲಕ್ವಾ ಹೊಡೆದ ಮೇಲೆ ಅದೇ ಮೊದಲ ನಗು. ಅತ್ತಿ ಮತ್ತೆ ಮಾತಾಡಲಿಲ್ಲ.

ಹಳೇದು ಕೊಳ್ಳುವವರು ತಾವೇ ಅದರ ಮೇಲೆ ಮಲಗಿ ನೋಡಬೇಕು, ಇನ್ನೊಬ್ಬರು ಹ್ಯಾಂಡಲ್ ತಿರುವಬೇಕು. ನಡುವೆ ಹಿಡಿದರೆ, ಕಟಕಟ ಅಂದರೆ ಸ್ಕ್ರೂ ಸವೆದಿದೆ ಅಂತ ಅರ್ಥ. ವೆಲ್ಡಿಂಗ್ ಬಿಟ್ಟಿದೆಯಾ, ಗಾಲಿಯ ಬ್ರೇಕು ಹಿಡಿಯುತ್ತಾ, ಪಕ್ಕದ ಕಟಾಂಜನ ಗಟ್ಟಿ ನಿಲ್ಲುತ್ತಾ ನೋಡಿ. ಗಾದಿ ಮಾತ್ರ ಹಳೇದು ಬೇಡವೇ ಬೇಡ. ಅವರು 6,500ಕ್ಕೆ ಕೊಟ್ರು. ರಾಮದುರ್ಗಕ್ಕೆ ಸಾಮಾನು ಇಳಿಸಿ ಖಾಲಿ ವಾಪಸ್ ಬರೋ ಟಾಟಾ ಏಸ್ ಗಾಡಿ ಹುಡುಕಿದ್ದರಿಂದ ಬಾಡಿಗೆಯೂ ಅರ್ಧಕ್ಕೆ ಇಳೀತು. ಸವದತ್ತಿಯಲ್ಲಿ ಡ್ರೈವರ್ ಎಲ್ಲಮ್ಮನ ಗುಡ್ಡದ ಕಡೆ ಕೈ ಮುಗಿದ, ನಾನೂ ಮುಗಿದೆ.

ಮನೆಗೆ ಬಂದ ಮೇಲೆ ತಮಾಷೆ ನೋಡ್ರಿ. ಮಂಚದ ಅಗಲ ಮೂರು ಅಡಿ, ನಮ್ಮ ಹಳೇ ಬಾಗಿಲು ಎರಡೂವರೆ. ಬಾಗಿಲು ಅಳೆಯೋದು ಯಾರಿಗೂ ಹೊಳೆದಿರಲಿಲ್ಲ. ತಲೆ ಕಡೆ, ಕಾಲು ಕಡೆಯ ಬೋಲ್ಟ್ ಬಿಚ್ಚಿ, ನಡುವಿನ ಚೌಕಟ್ಟನ್ನು ಅಡ್ಡ ಮಾಡಿ ಒಳಗೆ ತಂದ್ವಿ.

ಫೋಮ್ ಗಾದಿ ಮೇಲೆ ಗಾಳಿ ಗಾದಿ ಹಾಕಿದ್ವಿ. ಅದರ ಸಣ್ಣ ಮೋಟಾರು ಒಂದು ಸಾಲು ಉಬ್ಬಿಸಿ, ಇನ್ನೊಂದು ಸಾಲು ಇಳಿಸ್ತಾ ಇರುತ್ತೆ, ಒಂದೇ ಜಾಗಕ್ಕೆ ಭಾರ ಬೀಳೋದಿಲ್ಲ. ಆದರೆ ಅದು ಇದೆ ಅಂತ ಎರಡು ತಾಸಿಗೊಮ್ಮೆ ಹೊರಳಿಸೋದು ತಪ್ಪೋದಿಲ್ಲ. ಕರೆಂಟು ಹೋದರಂತೂ ಅದು ಬರೀ ಪ್ಲಾಸ್ಟಿಕ್. ಹುಣ್ಣಿಗೆ ಗಾಡಿ ಟ್ಯೂಬು ಇಡಬೇಡಿ, ನಮ್ಮ ಕಡೆ ಇದು ಬಹಳ. ಟ್ಯೂಬಿನ ಅಂಚು ಒತ್ತಿ ನಡುವಿನ ಜಾಗಕ್ಕೆ ರಕ್ತ ಹರಿಯೋದೇ ಕಡಿಮೆಯಾಗುತ್ತೆ. ಹಿಮ್ಮಡಿ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಿ.

ಸರ್ಕಾರದಿಂದ ಏನೂ ಇಲ್ವಾ ಅಂತ ಕೇಳ್ತೀರಿ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಪುಕ್ಕಟೆ ಕೊಡ್ತಾರೆ. ಅದರಿಂದ ಮಂಚದ ಆಸೆ ಇಟ್ಟುಕೊಳ್ಳಬೇಡಿ, ಗಾಲಿಕುರ್ಚಿಗೆ ಅರ್ಜಿ ಹಾಕಿ.

ಹುಣ್ಣು ಮಾಯೋಕೆ ಎರಡೂವರೆ ತಿಂಗಳು ಹಿಡೀತು. ಈಗ ಮುಂಜಾನೆ ಹ್ಯಾಂಡಲ್ ತಿರುವಿದರೆ ಅವ್ವ ಎದ್ದು ಕೂತು ಓಣಿ ನೋಡ್ತಾಳೆ.

ಹೋದ ವಾರ ಕಿತ್ತೂರು ಕಡೆಯವರೊಬ್ಬರು ಫೋನ್ ಮಾಡಿದ್ರು. "ನಿಮ್ಮ ಮಂಚ ಯಾವಾಗ ಖಾಲಿ ಆಕ್ಕೇತ್ರಿ?" ಅಂದ್ರು. ಒಂದು ಕ್ಷಣ ಎದಿ ಧಸಕ್ ಅಂತು. ಸಿಟ್ಟು ಬರಲಿಲ್ಲ, ಅವರ ಅಪ್ಪನೂ ನೆಲದ ಮೇಲೆ ಮಲಗಿದ್ದ. "ನಮ್ಮ ಅವ್ವ ಇನ್ನೂ ಕುಂತಾಳ್ರಿ ಅದರಾಗ" ಅಂದೆ. ಕಿತ್ತೂರು ಹೆದ್ದಾರಿ ಮೇಲಿದೆ, ಬೆಳಗಾವಿ, ಹುಬ್ಬಳ್ಳಿ ಎರಡೂ ಕಡೆ ದರ ಕೇಳ್ರಿ, ಅಲ್ಲೀತನಕ ತಲೆ ಕಡೆ ಮೂರು ದಿಂಬು ಇಳಿಜಾರಾಗಿ ಇಟ್ಟು ಕೂರಿಸ್ರಿ ಅಂತ ಹೇಳಿ, ಆ ಟಾಟಾ ಏಸ್ ಡ್ರೈವರ್ ನಂಬರ್ ಕೊಟ್ಟೆ.