ಸಿದ್ಧಗಂಗೆಯ ಒಲೆಯೂ ನಮ್ಮ ಸಂಘವೂ

(ಚಳ್ಳಕೆರೆಯಲ್ಲಿ ಮಿಲ್ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿಯೂ, ಅನಂತರ ಮೊಳಕಾಲ್ಮೂರಿನಲ್ಲಿ ನೇಕಾರ ಬಂಧುಗಳ ಮುಂದೆಯೂ ಮಾಡಿದ ಭಾಷಣ)

ಕಾರ್ಮಿಕ ಬಂಧುಗಳೇ, ಅಂಗಡಿಯ ಬಾಗಿಲು ಹಾಕಿಕೊಂಡು ಬಂದಿರುವ ವರ್ತಕ ಮಿತ್ರರೇ, ತಾಯಂದಿರೇ,

ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳ ವಿಷಯವಾಗಿ ಮಾತನಾಡುತ್ತೇವೆಂದು ಕರಪತ್ರ ಹಂಚಿದ ದಿನವೇ ನಮ್ಮ ಪಕ್ಷದೊಳಗೆ ಗುಲ್ಲೆದ್ದಿತು. "ಸಮಾಜವಾದಿಗಳಿಗೂ ಮಠಕ್ಕೂ ಏನಪ್ಪಾ ನಂಟು? ನಾಳೆ ಅಡ್ಡಪಲ್ಲಕ್ಕಿ ಹೊರುತ್ತೀರೇನು?" ಎಂದು ಹಿರಿಯ ಸಂಗಾತಿಯೊಬ್ಬರು ಮುಖಕ್ಕೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಪಲ್ಲಕ್ಕಿ ಹೊರುವವರು ನಾವಲ್ಲ. ಆದರೆ ಒಂದೇ ಕೆಲಸವನ್ನು ಒಬ್ಬ ಮನುಷ್ಯ 78 ವರ್ಷ ಬಿಡದೆ ಮಾಡಿದನೆಂದರೆ, ಆತ ಕಾವಿ ಉಟ್ಟಿದ್ದನೆಂಬ ಕಾರಣಕ್ಕೆ ಕಣ್ಣು ಮುಚ್ಚಿಕೊಳ್ಳುವವರೂ ನಾವಲ್ಲ.

ನಮ್ಮ ಸೀಮೆಯ ಜನ ಸ್ವಾಮಿಗಳನ್ನು ಅಳೆಯುವ ಕೋಲೇ ಬೇರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದಾಗ, ಮಣ್ಣು ಹೊತ್ತವರಿಗೆಲ್ಲ ದುಡಿದಷ್ಟು ಕೂಲಿ, ಹೆಚ್ಚಿಲ್ಲ ಕಡಿಮೆಯಿಲ್ಲ, ಸಿಗುವ ಹಾಗೆ ಮಾಡಿದರೆಂದು ನಮ್ಮ ಅಜ್ಜಂದಿರು ಹೇಳುತ್ತಾರೆ. ಮರಳು ಹಣವಾಯಿತೆಂಬ ಪವಾಡವನ್ನು ನಂಬುವವರು ನಂಬಲಿ. ಕೆರೆ ಬೇಕಿತ್ತು, ಕೂಲಿ ಮೋಸವಾಗಬಾರದಿತ್ತು. ಕಥೆಯಲ್ಲಿ ಜನ ಉಳಿಸಿಕೊಂಡದ್ದು ಇವೆರಡನ್ನು. ಅದೇ ಕೋಲಿನಿಂದ ಸಿದ್ಧಗಂಗೆಯನ್ನೂ ಅಳೆಯೋಣ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಹುಡುಗ ಶಿವಣ್ಣ. ತಂದೆ ಹೊನ್ನೇಗೌಡರು, ತಾಯಿ ಗಂಗಮ್ಮ. ಹದಿಮೂರು ಮಕ್ಕಳಲ್ಲಿ ಕಡೆಯವನು. ತುಮಕೂರಿನಲ್ಲಿ ಹೈಸ್ಕೂಲು ಓದುವಾಗ ಆಶ್ರಯ ಸಿಕ್ಕಿದ್ದು ಇದೇ ಮಠದಲ್ಲಿ. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ. (ನಾವು ಮೆಟ್ರಿಕ್ಯುಲೇಷನ್ನಿಗೇ ನಿಂತೆವು, ಅದು ಬೇರೆ ಮಾತು.) 1930ರಲ್ಲಿ ಉದ್ದಾನ ಶಿವಯೋಗಿಗಳು ಆತನನ್ನು ಉತ್ತರಾಧಿಕಾರಿಯಾಗಿ ಆರಿಸಿಕೊಂಡರು. 1941ರ ಜನವರಿಯಲ್ಲಿ ಹಿರಿಯರು ಲಿಂಗೈಕ್ಯರಾದಾಗ ಮಠದ ಭಾರವೆಲ್ಲ ಹೆಗಲಿಗೆ ಬಂತು.

ಭಾರವೆಂದರೆ ಯಾವುದು? ಕಿರೀಟವಲ್ಲ, ಒಲೆ. ಉಣ್ಣಲು ಬಂದ ಹುಡುಗರು ಕಣ್ಣೆದುರಿಗೆ, ಕಣಜದಲ್ಲಿ ಕಾಳು ಕಡಿಮೆ. ಆಗ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ರಾಗಿ, ಭತ್ತ, ಬೇಳೆ ಬೇಡಿ ತಂದರು. ಬಂಧುಗಳೇ, ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಠದ ಅನ್ನ ಆಕಾಶದಿಂದ ಇಳಿದದ್ದಲ್ಲ. ಕಣದಲ್ಲಿ ರೈತ ಅಳೆದುಕೊಟ್ಟ ಸೇರು, ಸಂತೆಯಲ್ಲಿ ವರ್ತಕ ಕೊಟ್ಟ ಮೂಟೆ. ನಿಮ್ಮದೇ ಕಾಳು ನಿಮ್ಮಂಥವರ ಮಕ್ಕಳ ತಟ್ಟೆಗೆ ಬಂತು. ಸ್ವಾಮಿಗಳ ದೊಡ್ಡತನವೆಂದರೆ, ನಡುವೆ ಅದು ಸೋರಿಹೋಗದ ಹಾಗೆ ನೋಡಿಕೊಂಡದ್ದು, ಮರುದಿನ ಮತ್ತೆ ಒಲೆ ಹಚ್ಚಿದ್ದು.

ಕಡೆಯ ವರ್ಷಗಳ ಹೊತ್ತಿಗೆ ಜಾತಿ ಕೇಳದೆ ಎಂಟು ಹತ್ತು ಸಾವಿರ ಮಕ್ಕಳಿಗೆ ಅಲ್ಲಿ ಊಟ, ವಸತಿ, ಓದು ಎಲ್ಲವೂ ಪುಕ್ಕಟೆಯಾಗಿ ನಡೆಯುತ್ತಿತ್ತು. ಮಠದ ವಿದ್ಯಾಸಂಸ್ಥೆಗಳು ನೂರಕ್ಕೂ ಮೀರಿದ್ದವು. 1963ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾಗಿತ್ತು. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದವು. ಮಂತ್ರಿಗಳು ಸಾಲುಗಟ್ಟಿ ಕಾಲಿಗೆರಗಿದರು. ಚುನಾವಣೆ ಸಮೀಪಿಸಿದಾಗ ಸಾಲು ಇನ್ನಷ್ಟು ಉದ್ದವಾಗುತ್ತಿತ್ತು. 2019ರ ಜನವರಿ 21ರಂದು, 111 ವರ್ಷ ಬದುಕಿದ ಆ ಜೀವ ಹೋಯಿತು. ಮಕ್ಕಳು ಉಂಡ ಮೇಲೆಯೇ ತಮ್ಮ ಸಾವಿನ ಸುದ್ದಿ ಹೊರಗೆ ಹೋಗಲೆಂಬುದು ಅವರ ಇಚ್ಛೆಯಾಗಿತ್ತೆಂದು ಪತ್ರಿಕೆಗಳಲ್ಲಿ ಓದಿದೆವು. ನಮ್ಮ ಗಂಟಲು ಕಟ್ಟಿತೆಂದು ಹೇಳಲು ನಾಚಿಕೆಯೇನೂ ಇಲ್ಲ.

ದೂರದ ಇನ್ನೊಬ್ಬ ಗುರುವಿನ ಮಾತು ಇಲ್ಲಿ ನೆನಪಾಗುತ್ತದೆ. ಯೆಹೂದ್ಯರ ಧರ್ಮಗುರುವಿಗೆ ರಬ್ಬಿ ಎಂದು ಹೆಸರು. 'ನನ್ನ ಗುರು' ಎಂದೇ ಅದರ ಅರ್ಥ. ಸ್ವಾಮಿಗಳು ಹುಟ್ಟಿದ 1907ರಲ್ಲೇ ವಾರ್ಸಾ ನಗರದಲ್ಲಿ ಹುಟ್ಟಿ, ಅನಂತರ ಅಮೆರಿಕ ಸೇರಿದ ಅಬ್ರಹಾಂ ಹೆಶೆಲ್ ಎಂಬ ರಬ್ಬಿ 1965ರ ಮಾರ್ಚಿಯಲ್ಲಿ ಸೆಲ್ಮಾ ಎಂಬ ಊರಿನಿಂದ ಹೊರಟ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗರ ಜೊತೆ ಮುಂದಿನ ಸಾಲಿನಲ್ಲಿ ನಡೆದರು. ನೀಗ್ರೋ ಜನರಿಗೆ ಮತದ ಹಕ್ಕು ಬೇಕೆಂಬುದು ಆ ಮೆರವಣಿಗೆಯ ಕೂಗು. ಒಬ್ಬರು ಹಸಿದವನಿಗೆ ಇಕ್ಕಿದರು, ಇನ್ನೊಬ್ಬರು ಹಕ್ಕಿಲ್ಲದವನ ಜೊತೆ ಬೀದಿಗಿಳಿದರು. ಅಲ್ಲಿನ ಪದ್ಧತಿಯಲ್ಲಿ ಇನ್ನೊಂದು ವಿಶೇಷವಿದೆ: ಪ್ರಾರ್ಥನಾ ಮಂದಿರದ ಸದಸ್ಯರೇ ರಬ್ಬಿಯನ್ನು ನೇಮಿಸಿಕೊಳ್ಳುತ್ತಾರೆ, ಬೇಡವಾದರೆ ಬಿಡಿಸುತ್ತಾರೆ. ನಮ್ಮಲ್ಲಿ ಗುರುವೇ ಗುರುವನ್ನು ಆರಿಸುತ್ತಾನೆ. ಒಳ್ಳೆಯವರು ಸಿಕ್ಕಿದರೆ ಪುಣ್ಯ; ಸಿಗದಿದ್ದರೆ ಕೇಳುವವರಾರು?

ನಮ್ಮ ತಕರಾರು ಇರುವುದು ಇಲ್ಲಿಯೇ, ಮತ್ತು ಅದು ಸ್ವಾಮಿಗಳ ಮೇಲಲ್ಲ. ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹತ್ತು ವರ್ಷದೊಳಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು 1950ರ ಸಂವಿಧಾನ ಹೇಳಿತು. ಅದು ಕಾಯಿದೆಯಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅಂದು ಸ್ವಾಮಿಗಳಿಗೆ 103 ತುಂಬಿತ್ತು! ಶಾಲೆಯ ಬಿಸಿಯೂಟ ನಮ್ಮ ರಾಜ್ಯದಲ್ಲಿ 2002-03ರಲ್ಲಿ ಆರಂಭವಾಯಿತು. ಅದಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟರು. ದಾಸೋಹವೆಂಬ ಮಾತು ಬಸವಣ್ಣನವರ ಕಾಲದ್ದು. ಮಠದ ಒಲೆ ಅಷ್ಟು ವರ್ಷ ಉರಿದ ಮೇಲೆ ಸರ್ಕಾರದ ಒಲೆ ಹೊತ್ತಿತು.

ನಾವು ಮೇಷ್ಟ್ರಾಗಿದ್ದಾಗ, ಶೇಂಗಾ ಕೀಳುವ ಕಾಲ ಬಂತೆಂದರೆ ಹಾಜರಿ ಪುಸ್ತಕದ ಅರ್ಧ ಹೆಸರುಗಳ ಮುಂದೆ ಗೈರುಹಾಜರಿ ಬರೆಯುತ್ತಿದ್ದೆವು. ಹುಡುಗರನ್ನು ಗದರಿದೆವು, ತಂದೆತಾಯಿಗಳನ್ನು ಬೈದೆವು. ಅವರ ಮನೆಯ ಮಡಕೆಯಲ್ಲಿ ಏನಿದೆಯೆಂದು ಒಂದು ದಿನವೂ ಇಣುಕಿ ನೋಡಲಿಲ್ಲ. ಪಕ್ಷಕ್ಕೆ ಬಂದ ಮೇಲೆ ಭಾಷಣ ಮಾಡಿದೆವು, ಠರಾವು ಬರೆದೆವು, ಚಂದಾ ಎತ್ತಿದೆವು. ಈ ಊರಿನಲ್ಲಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದಾಗ ಮೆರವಣಿಗೆ ತೆಗೆದೆವು. ಕೆಲಸ ಹೋದವನ ಮಗ ಸಂಜೆ ಎಲ್ಲಿ ಕೂತು ಓದುತ್ತಾನೆಂದು ಕೇಳಲಿಲ್ಲ. ಮೊಳಕಾಲ್ಮೂರಿನ ಬಂಧುಗಳೇ, ನಿಮ್ಮ ಮಗ್ಗದ ಗುಂಡಿಯ ಪಕ್ಕದಲ್ಲೇ ಹುಡುಗಿ ಕಂಡಿಕೆ ಸುತ್ತುತ್ತಾ ಪಾಠ ಬಾಯಿಪಾಠ ಮಾಡುವುದನ್ನು ನೋಡಿಯೂ ರೇಷ್ಮೆಯ ದರದ ಮಾತು ಮುಗಿಸಿ ಎದ್ದು ಹೋದೆವು. ಮಠವನ್ನು ಟೀಕಿಸುವ ನಮ್ಮ ಕೈಯಲ್ಲಿ ಒಂದು ಒಲೆಯಾದರೂ ಇದೆಯೇ?

ಆದ್ದರಿಂದ ಒಂದು ಸಲಹೆ ತಂದಿದ್ದೇವೆ. ಎರಡು ಊರುಗಳಲ್ಲೂ ಸಂಘದ ಕೊಠಡಿ ಸಂಜೆ ಆರರಿಂದ ಒಂಬತ್ತರವರೆಗೆ ಮಕ್ಕಳ ಓದಿಗೆ ತೆರೆದಿರಲಿ. ಪಾಠ ನಾವು ಹೇಳುತ್ತೇವೆ. ರಾತ್ರಿಯ ಮುದ್ದೆ ಸಾರು ಅಲ್ಲೇ ಆಗಲಿ. ಮನೆಗೆ ದಿನಕ್ಕೊಂದು ಹಿಡಿ ರಾಗಿ, ಅಂಗಡಿಗೆ ವಾರಕ್ಕೊಂದು ಪಾವು ಬೇಳೆ. "ಸರ್ಕಾರ ಮಾಡಬೇಕಾದದ್ದನ್ನು ನಾವೇಕೆ ಮಾಡಬೇಕು?" ಎಂದು ಚಳ್ಳಕೆರೆಯಲ್ಲಿ ವರ್ತಕ ಮಿತ್ರರೊಬ್ಬರು ಕೇಳಿದರು. ಸರ್ಕಾರವನ್ನು ಬಿಡುವುದಿಲ್ಲ, ಎರಡು ತಾಲ್ಲೂಕಿಗೂ ಇನ್ನಷ್ಟು ವಿದ್ಯಾರ್ಥಿನಿಲಯ ಬೇಕೆಂಬ ಅರ್ಜಿಗೆ ಈ ಸಭೆಯ ಬಾಗಿಲಲ್ಲೇ ಸಹಿ ಹಾಕಿ ಹೋಗಬೇಕು. ಆದರೆ ಅರ್ಜಿ ತಿರುಗಿ ಬರುವ ತನಕ ಹುಡುಗ ಹಸಿದುಕೊಂಡಿರಬೇಕೇ?

ಲೆಕ್ಕವನ್ನು ಪ್ರತಿ ಭಾನುವಾರ ಎಲ್ಲರೆದುರಿಗೆ ಓದಬೇಕು. ಡಬ್ಬಿಗೆ ಎರಡು ಬೀಗ: ಒಂದು ಕೀಲಿಕೈ ಮಿಲ್ ಕಾರ್ಮಿಕರ ಕಡೆ, ಇನ್ನೊಂದು ತಾಯಂದಿರ ಕಡೆ. ನಮ್ಮ ಕೈಗೆ ಬೇಡ. ಡಬ್ಬಿಯನ್ನು ಹೊರಗೆ ಮೇಜಿನ ಮೇಲೆ ಇಟ್ಟಿದೆ. ಅರ್ಜಿಯೂ ಅದರ ಪಕ್ಕದಲ್ಲೇ ಇದೆ.